ಮುಂಬಯಿಯಿಂದ ಬಜ್ಪೆಗೆ ಎಷ್ಟು ದೂರ?

“ನಿಮಗೇನು ಮಾರಾಯ್ರೇ, ವಿಮಾನ ಹತ್ತಿದರೆ ಒಂದು ಗಂಟೆ!” ಊರಿಗೆ ಹೋದಾಗಲೆಲ್ಲ ಮುಂಬಯಿಯವರಾದ ನಾವು ಕೇಳುವ ಮಾತಿದು. ಈ ಲೆಕ್ಕ ಸುಳ್ಳೇನಲ್ಲ; ಆದರೆ ಪೂರ್ತಿ ಲೆಕ್ಕವೂ ಅಲ್ಲ.

ಮಕ್ಕಳ ಭೂಪಟವಿದ್ದರೆ ಬಿಡಿಸಿ ನೋಡಿ. ಮಂಗಳೂರು ಸುಮಾರು 13ನೆಯ ಅಕ್ಷಾಂಶದಲ್ಲಿದೆ, ಮುಂಬಯಿ 19ರಲ್ಲಿ. ಒಂದೊಂದು ಅಕ್ಷಾಂಶಕ್ಕೆ 111 ಕಿಲೋಮೀಟರಿನಂತೆ ಆರಕ್ಕೆ 666 ಆಯಿತು. ಮಂಗಳೂರು ಎರಡು ರೇಖಾಂಶದಷ್ಟು ಪೂರ್ವಕ್ಕೆ ಇರುವುದರಿಂದ ಗೆರೆ ಓರೆಯಾಗಿ, ನಿಲ್ದಾಣದಿಂದ ನಿಲ್ದಾಣಕ್ಕೆ ಹೆಚ್ಚುಕಡಿಮೆ 715 ಕಿಲೋಮೀಟರು ಬರುತ್ತದೆ. ರಸ್ತೆಯಲ್ಲಾದರೆ 900ರ ಹತ್ತಿರ.

ಗಂಟೆಗೆ 800 ಕಿಲೋಮೀಟರು ಹಾರುವ ಜೆಟ್ಟಿಗೆ ಇದು ಒಂದು ಗಂಟೆಯೊಳಗಿನ ದಾರಿ. ಆದರೂ ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆಯೆಂದೇ ಬರೆದಿರುತ್ತದೆ. ಏರುವಾಗಲೂ ಇಳಿಯುವಾಗಲೂ ಆ ವೇಗ ಇರುವುದಿಲ್ಲ. ಮೇಲಾಗಿ ವೇಳಾಪಟ್ಟಿಯ ಹೊರಡುವ ಹೊತ್ತೆಂದರೆ ವಿಮಾನ ನಿಂತ ಜಾಗದಿಂದ ಕದಲುವ ಹೊತ್ತು, ನೆಲ ಬಿಡುವ ಹೊತ್ತಲ್ಲ. ಮುಂಬಯಿಯ ಎರಡು ಓಡುದಾರಿಗಳು ಒಂದನ್ನೊಂದು ಅಡ್ಡಹಾಯುವುದರಿಂದ ಎರಡನ್ನೂ ಒಟ್ಟಿಗೆ ಬಳಸುವಂತಿಲ್ಲ, ಸಾಲಿನಲ್ಲಿ ಕಾಯಲೇಬೇಕು.

ನಮ್ಮ ಹಿರಿಯರಿಗೆ ಇಷ್ಟೂ ಇರಲಿಲ್ಲವೆನ್ನಿ. 1907ರಲ್ಲಿ ಮಂಗಳೂರಿಗೆ ರೈಲು ಬಂತು, ಆದರೆ ಮದರಾಸಿನ ದಿಕ್ಕಿನಿಂದ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದಾಗ ಬಜ್ಪೆಯ ನಿಲ್ದಾಣ ಆರಂಭವಾಯಿತು. ಕರಾವಳಿಯುದ್ದಕ್ಕೂ ಕೊಂಕಣ ರೈಲು ಓಡಲು 1998 ಬರಬೇಕಾಯಿತು.

ಕಳೆದ ವರ್ಷ ಆಟಿಯ ಮಳೆಯಲ್ಲಿ ಒಂದು ಬೆಳಗ್ಗೆ ಮೂಡುಬಿದಿರೆಯಿಂದ ಅಣ್ಣನ ಫೋನು ಬಂತು: “ಅಮ್ಮ ನಿಮ್ಮಿಬ್ಬರನ್ನೂ ಕೇಳುತ್ತಿದ್ದಾರೆ, ಹೊರಟು ಬನ್ನಿ.” ಠಾಣೆಯಲ್ಲಿರುವ ತಂಗಿ ಮಧ್ಯಾಹ್ನದ ರೈಲಿಗೇ ಹೊರಟಳು. “ಇಡೀ ರಾತ್ರಿ ಯಾಕೆ ಕೂರುತ್ತೀ? ನಾಳೆ ಬೆಳಗಿನ ವಿಮಾನದಲ್ಲಿ ನಾನೇ ನಿನಗಿಂತ ಮೊದಲು ಮನೆಯಲ್ಲಿರುತ್ತೇನೆ” ಎಂದೆ.

ಡೊಂಬಿವಲಿಯ ಮನೆಯನ್ನು ರಾತ್ರಿ ಎರಡೂವರೆಗೆ ಬಿಟ್ಟೆ. ಸಾಮಾನು ಒಪ್ಪಿಸುವುದು, ತಪಾಸಣೆ, ಕಾಯುವುದು ಇವೆಲ್ಲ ಆ “ಒಂದು ಗಂಟೆ”ಯಲ್ಲಿ ಸೇರಿಲ್ಲ, ನೋಡಿ. ಏಳೂವರೆಗೆ ನಾವು ಬಜ್ಪೆಯ ಮೇಲೆಯೇ ಇದ್ದೆವು. ಕೆಳಗೆ ಮಾತ್ರ ಬಿಳಿಯ ಮೋಡವಲ್ಲದೆ ಏನೂ ಕಾಣದು. ಬಜ್ಪೆಯ ಓಡುದಾರಿ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಹಾಸಿದ್ದು, 2450 ಮೀಟರು ಉದ್ದ, ತುದಿಯಾಚೆ ಕಣಿವೆ. 2010ರ ಮೇ 22ರಂದು ಅಲ್ಲಿ 158 ಜನ ಸತ್ತದ್ದನ್ನು ಮರೆತವರು ಯಾರು? ಪೈಲಟ್ ಮೂರು ಸುತ್ತು ಹಾಕಿ ಬೆಂಗಳೂರಿನ ಕಡೆಗೆ ತಿರುಗಿಸಿದ. ಅವನು ಮಾಡಿದ್ದು ಸರಿ. ಅದು ಆಗ ನನಗೂ ಗೊತ್ತಿತ್ತು. ಆದರೂ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದೆ.

ಬೆಂಗಳೂರಿನಲ್ಲಿ ವಿಮಾನದೊಳಗೇ ಎರಡು ಗಂಟೆ ಕಳೆಯಿತು. ಮತ್ತೆ ಹಾರಿ, ಬಜ್ಪೆಯಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು ಮನೆಯಂಗಳ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಮುಲ್ಕಿಯಲ್ಲಿ ಇಳಿದ ತಂಗಿ ಎಂಟಕ್ಕೇ ಬಂದಿದ್ದಳು. ಅವಳ ಕೈಯಿಂದ ಅಮ್ಮ ಎರಡು ಚಮಚ ಗಂಜಿ ಕುಡಿದು, “ಅವನೆಲ್ಲಿ?” ಎಂದು ಕೇಳಿದರಂತೆ. ಹನ್ನೊಂದರ ಮೇಲೆ ಮಾತು ನಿಂತಿತ್ತು. ನಾನು ಹಿಡಿದ ಕೈ ಬಿಸಿಯಾಗಿತ್ತು, ಅಷ್ಟೆ.

ಬರುವ ತಿಂಗಳು ವರ್ಷಾಂತಿಕ. ಮಳೆಗಾಲದ ವೇಳಾಪಟ್ಟಿಯಲ್ಲಿ ರೈಲು ಇನ್ನೂ ನಿಧಾನ. ತಂಗಿ ನನಗೂ ಸೇರಿಸಿ ಟಿಕೆಟು ತೆಗೆದಿದ್ದಾಳೆ.