ಮರುಭೂಮಿಯಿಂದ ತಂದ ಚಿತ್ರಗಳು

ಪ್ರವಾಸ ಮುಗಿಸಿ ಬಂದವರ ಮನೆಗೆ ಬಂಧುಬಾಂಧವರು ಬಂದಾಗ ಛಾಯಾಚಿತ್ರಗಳ ಆಲ್ಬಂ ಹೊರಬರುವುದು ವಾಡಿಕೆ. ನಾವು ದಂಪತಿಗಳು 2024ರ ಡಿಸೆಂಬರ್ ತಿಂಗಳಲ್ಲಿ ರಾಜಸ್ಥಾನದ ಥಾರ್ ಮರುಭೂಮಿಯನ್ನು ಸಂದರ್ಶಿಸಿ ಬಂದೆವು. ತೆಗೆದ ನೂರಾರು ಚಿತ್ರಗಳಲ್ಲಿ ನಮಗೆ ಅಚ್ಚುಮೆಚ್ಚಾದ ಕೆಲವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ.

ಹೊರಡುವ ಮುನ್ನ ಸಿರುಗುಪ್ಪ ಸೀಮೆಯ ಊರಿನಲ್ಲಿರುವ ನಮ್ಮ ತಂದೆಯವರ ಆಶೀರ್ವಾದ ಪಡೆಯಲು ಹೋಗಿದ್ದೆವು. ಎಂಬತ್ತು ದಾಟಿದ ಹಿರಿಯರು. ಅವರು ಕೇಳಿದ್ದು ಒಂದೇ: "ಅಲ್ಲಿ ಎರೆಭೂತ ಸಿಕ್ಕರ ಒಂದು ಫೋಟೋ ತಗೊಂಡು ಬಾರಪ್ಪಾ." ಎರೆಹೊಲಗಳಲ್ಲಿ ಬಾಲ್ಯದಲ್ಲಿ ಅವರು ಕಂಡಿದ್ದ ಎತ್ತರದ ಹಕ್ಕಿಯದು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪುಸ್ತಕಗಳು ಕರೆಯುವ ಅದನ್ನು ರಾಜಸ್ಥಾನದವರು 'ಗೋಡಾವಣ' ಎನ್ನುತ್ತಾರೆ. ಅದು ಆ ರಾಜ್ಯದ ಪಕ್ಷಿ.

ಬನ್ನಿಯ ನೆರಳು

ಮೊದಲ ಚಿತ್ರ ಜೋಧಪುರದ ಸಮೀಪದ ಬಿಷ್ಣೋಯಿ ಗ್ರಾಮದ್ದು. ಹೊಲದಂಚಿನಲ್ಲಿ ಕೃಷ್ಣಮೃಗಗಳ ಹಿಂಡು ನಿರ್ಭಯವಾಗಿ ಮೇಯುತ್ತಿದೆ. ನಾಲ್ಕು ಮಾರು ದೂರದಲ್ಲಿ ರೈತ ಮಹಿಳೆಯೊಬ್ಬರು ಕಳೆ ಕೀಳುತ್ತಿದ್ದಾರೆ. ಗುರು ಜಂಭೇಶ್ವರರು 1485ರಲ್ಲಿ ಸ್ಥಾಪಿಸಿದ ಈ ಪಂಥಕ್ಕೆ 29 ನಿಯಮಗಳು. ಹಸಿಮರವನ್ನು ಕಡಿಯದಿರುವುದೂ ಜೀವಿಗಳಲ್ಲಿ ದಯೆಯಿಡುವುದೂ ಅವುಗಳಲ್ಲಿ ಸೇರಿವೆ.

ಎರಡನೆಯದು ಖೇಜಡ್ಲಿ ಗ್ರಾಮದ ಒಂದು ಮರ. ಅಲ್ಲಿ 'ಖೇಜಡಿ' ಎನ್ನುವ ಈ ಮರ ಬೇರೆ ಯಾವುದೂ ಅಲ್ಲ, ನಾವು ವಿಜಯದಶಮಿಯಂದು ಪೂಜಿಸುವ ಬನ್ನಿಯೇ. 1730ರಲ್ಲಿ ಜೋಧಪುರದ ಅರಮನೆಯ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕಾಗಿ ರಾಜಭಟರು ಇಲ್ಲಿನ ಮರಗಳನ್ನು ಕಡಿಯಲು ಬಂದರು. ಅಮೃತಾದೇವಿ ಎಂಬ ತಾಯಿ ಮರವನ್ನು ಅಪ್ಪಿ ನಿಂತು ಪ್ರಾಣ ತೆತ್ತರು. ಅವರ ಮೂವರು ಹೆಣ್ಣುಮಕ್ಕಳೂ ಅದೇ ಹಾದಿ ಹಿಡಿದರು. ಒಟ್ಟು 363 ಜನ ಬಲಿದಾನ ಮಾಡಿದ ಮೇಲೆ ಮಹಾರಾಜ ಅಭಯಸಿಂಹನು ಮರ ಕಡಿಯುವುದನ್ನು ನಿಷೇಧಿಸಿದನು. ಈ ಚಿತ್ರದಲ್ಲಿ ಮರವೊಂದೇ ಇದೆ. ಕಥೆ ತಿಳಿದ ಮೇಲೆ ಅದನ್ನು ನೋಡುವ ದೃಷ್ಟಿಯೇ ಬೇರೆಯಾಗುತ್ತದೆ.

ಅತಿಥಿ ಸತ್ಕಾರ

ಮೂರನೆಯ ಚಿತ್ರ ಫಲೋದಿಯ ಬಳಿಯ ಖೀಚನ್ ಎಂಬ ಊರಿನದು. ಬೂದು ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬಿಳಿಯ ಗರಿಗುಚ್ಛ ಇರುವ 'ಕುರ್ಜಾ' ಕ್ರೌಂಚಗಳು ಮಂಗೋಲಿಯ, ಮಧ್ಯ ಏಷ್ಯಾಗಳ ಕಡೆಯಿಂದ ಚಳಿಗಾಲ ಕಳೆಯಲು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ಬೇಲಿ ಕಟ್ಟಿದ ಅಂಗಳದಲ್ಲಿ ಗ್ರಾಮಸ್ಥರು ಅವುಗಳಿಗೆ ಕಾಳು ಚೆಲ್ಲುತ್ತಾರೆ. ಸೂರ್ಯೋದಯದ ವೇಳೆಗೆ ಆಕಾಶವೇ ಕೂಗಿದಂತೆ ಅವು ಬಂದಿಳಿದಾಗ ನಾವು ಕ್ಯಾಮರಾ ಹಿಡಿದು ನಿಂತೇ ಬಿಟ್ಟೆವು. ಮೊದಲ ದಿನ ಒಂದು ಚಿತ್ರವನ್ನೂ ತೆಗೆಯಲಿಲ್ಲ. ಮರುದಿನ ತೆಗೆದದ್ದು ಇದು. 2025ರಲ್ಲಿ ಖೀಚನ್‌ಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತೆಂದು ತಿಳಿದು ಸಂತೋಷವಾಯಿತು.

ಹಕ್ಕಿಯಿಲ್ಲದ ಚಿತ್ರ

ಜೈಸಲ್ಮೇರ್ ಕಡೆಯ ಮರಳುದಿಬ್ಬಗಳನ್ನು ಯಾತ್ರಿಕರೆಲ್ಲರೂ ಚಿತ್ರಿಸುತ್ತಾರೆ, ನಾವೂ ಚಿತ್ರಿಸಿದೆವು. ಆದರೆ ಥಾರ್ ಬರಿಯ ಮರಳಲ್ಲ. 3,162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನದ ಬಹುಭಾಗ ಕುರುಚಲು, ಕಲ್ಲುನೆಲ ಮತ್ತು ಸೇವಣ ಎಂಬ ಹುಲ್ಲಿನ ಬಯಲು. ಚಿಂಕಾರಗಳು ಅಲ್ಲಿ ನಮಗೆ ದರ್ಶನವಿತ್ತವು. ಎರಡು ದಿನ ಅಲೆದರೂ ಗೋಡಾವಣ ಕಾಣಲಿಲ್ಲ. ಲೋಕದಲ್ಲಿ ಉಳಿದಿರುವುದು ಸುಮಾರು ನೂರೈವತ್ತಕ್ಕಿಂತಲೂ ಕಡಿಮೆಯಂತೆ! ಅದು ಇಡುವುದು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ. ಭಾರದ ಹಕ್ಕಿಯಾದ ಅದಕ್ಕೆ ಎದುರಿನ ದೃಷ್ಟಿ ಮಂದ. ಹಾರುವಾಗ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. 2019ರಿಂದ ಜೈಸಲ್ಮೇರ್ ಜಿಲ್ಲೆಯಲ್ಲಿ ಮರಿಗಳನ್ನು ಸಾಕಿ ಬೆಳೆಸುವ ಪ್ರಯತ್ನ ನಡೆದಿದೆ.

ಹಕ್ಕಿ ಕಾಣದ ಬಯಲನ್ನೇ ಚಿತ್ರಿಸಿಕೊಂಡು ಮರಳಿದೆವು. ಮುಂದೆ ಹುಲ್ಲು, ಹಿಂದೆ ಸಾಲುಗಟ್ಟಿದ ತಂತಿಕಂಬಗಳು. ಸಂಕೋಚದಿಂದಲೇ ತಂದೆಯವರ ಕೈಗಿತ್ತೆವು. ಅವರು ಬಹಳ ಹೊತ್ತು ನೋಡಿ, "ಹುಲ್ಲರ ಐತಲ್ಲ. ನಮ್ಮಲ್ಲಿ ಅದೂ ಉಳೀಲಿಲ್ಲ," ಎಂದರು.

ಆ ಮಾತು ನಮ್ಮನ್ನು ಇಂದಿಗೂ ಕಾಡುತ್ತಿದೆ. ತುಂಗಭದ್ರೆಯ ಕಾಲುವೆಯ ನೀರು ನಮ್ಮ ಸೀಮೆಗೆ ಅನ್ನ ಕೊಟ್ಟಿತು. ಅದನ್ನು ಉಂಡು ಬೆಳೆದವರೇ ನಾವು. ಆದರೆ ಬಯಲೆಲ್ಲ ಗದ್ದೆಯಾದಾಗ ಹಕ್ಕಿಗೆಂದು ಒಂದು ತುಂಡು ಬೀಳನ್ನಾದರೂ ಬಿಡಬೇಕೆಂದು ನಮಗಾರಿಗೂ ತೋಚಲಿಲ್ಲ. ಬಿಷ್ಣೋಯಿಗಳೂ ಖೀಚನ್ನಿನವರೂ ನಮ್ಮಂತೆಯೇ ಹೊಲಮನೆಗಳ ಸಂಸಾರಿಗಳು. ಅವರು ಉಳಿಸಿದ್ದರಿಂದಲೇ ನಮಗೆ ಮೂರು ಒಳ್ಳೆಯ ಚಿತ್ರಗಳು ದೊರೆತವು.

ನಾಲ್ಕನೆಯ ಚಿತ್ರವನ್ನು ತಂದೆಯವರು ತಮ್ಮ ಕೋಣೆಯ ಗೋಡೆಗೆ ತೂಗುಹಾಕಿಸಿಕೊಂಡಿದ್ದಾರೆ. ಈ ಬೇಸಗೆಯಲ್ಲಿ ಬದುವಿನ ಮೇಲಿನ ಹಳೆಯ ಬನ್ನಿಮರವನ್ನು ಕಡಿಸುವ ವಿಚಾರವನ್ನು ನಾವು ಕೈಬಿಟ್ಟೆವು.