ಪೇರಿಸಿದ ಪಿಪೆಟ್ ಟಿಪ್ ರ‍್ಯಾಕ್‌ಗಳ ನಿರ್ವಹಣೆ

ಪೇರಿಸಿದ ಪಿಪೆಟ್ ಟಿಪ್ ರ‍್ಯಾಕ್‌ಗಳ ನಿರ್ವಹಣೆ ಎಂಬುದು ಪ್ರಯೋಗಾಲಯದ ಸ್ವಯಂಚಾಲಿತ ದ್ರವ ವರ್ಗಾವಣೆ ಯಂತ್ರಗಳಲ್ಲಿ, ಒಂದರ ಮೇಲೊಂದಾಗಿ ಇರಿಸಿದ ಟಿಪ್ ಚೌಕಟ್ಟುಗಳನ್ನು ಮೇಲಿನಿಂದ ಕ್ರಮವಾಗಿ ಬಳಸುವ, ಬರಿದಾದ ಚೌಕಟ್ಟನ್ನು ತೆಗೆಯುವ ಮತ್ತು ಉಳಿದ ಟಿಪ್‌ಗಳ ಲೆಕ್ಕ ಇಡುವ ವಿಧಾನವಾಗಿದೆ. ಟಿಪ್ ಎಂದರೆ ದ್ರವವನ್ನು ಹೀರಿ ಬಿಡುವ ಪಿಪೆಟ್ ಎಂಬ ಉಪಕರಣದ ತುದಿಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ಕೊಳವೆ. ಒಂದು ಮಾದರಿಯ ಅಂಶ ಇನ್ನೊಂದಕ್ಕೆ ಬೆರೆಯದಂತೆ ಇದನ್ನು ಸಾಮಾನ್ಯವಾಗಿ ಒಮ್ಮೆ ಬಳಸಿ ಎಸೆಯಲಾಗುತ್ತದೆ. ಪೇರಿಸುವುದರಿಂದ ಯಂತ್ರದ ವೇದಿಕೆಯ ಮೇಲೆ ಸ್ಥಳ ಉಳಿಯುತ್ತದೆ. ಆದರೆ ಪೇರಿಕೆಯ ನೈಜ ಸ್ಥಿತಿಯೂ ಯಂತ್ರದ ದಾಖಲೆಯೂ ಸದಾ ಒಂದೇ ಆಗಿರಬೇಕಾಗುತ್ತದೆ.

ಹಿನ್ನೆಲೆ

1950ರ ದಶಕದವರೆಗೆ ಪ್ರಯೋಗಾಲಯಗಳಲ್ಲಿ ಗಾಜಿನ ಪಿಪೆಟ್‌ನ ಮೂಲಕ ಬಾಯಿಯಿಂದ ದ್ರವವನ್ನು ಎಳೆಯುವ ಪದ್ಧತಿ ಸಾಮಾನ್ಯವಾಗಿತ್ತು. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಹೈನ್ರಿಚ್ ಶ್ನಿಟ್ಗರ್ 1957ರಲ್ಲಿ ಕೈಬೆರಳಿನಿಂದ ಒತ್ತಿ ಬಳಸುವ, ಬದಲಿಸಬಹುದಾದ ತುದಿಯುಳ್ಳ ಸೂಕ್ಷ್ಮ ಪಿಪೆಟ್ಟನ್ನು ರೂಪಿಸಿದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ವಾರೆನ್ ಗಿಲ್ಸನ್ ಅವರು ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬಹುದಾದ ಪಿಪೆಟ್ಟನ್ನು ಬಳಕೆಗೆ ತಂದರು.

ಇದೇ ಅವಧಿಯಲ್ಲಿ ಕುಳಿಗಳುಳ್ಳ ಫಲಕಗಳೂ ಬೆಳೆದುಬಂದವು. ಹಂಗೆರಿಯ ಗ್ಯುಲಾ ತಕಾಚಿ 1950ರ ದಶಕದ ಆರಂಭದಲ್ಲಿ ಇಂಥ ಫಲಕವನ್ನು ತಯಾರಿಸಿದರು. ಮುಂದೆ 8 ಸಾಲು, 12 ಕಂಬಗಳ 96 ಕುಳಿಗಳ ವಿನ್ಯಾಸ ರೂಢಿಗೆ ಬಂದಿತು. ಈ ಫಲಕಗಳ ತಳದ ಅಳತೆ 127.76 ಮಿ.ಮೀ. ಉದ್ದ ಮತ್ತು 85.48 ಮಿ.ಮೀ. ಅಗಲ ಎಂದೂ, 96 ಕುಳಿಗಳ ಫಲಕದಲ್ಲಿ ಅಕ್ಕಪಕ್ಕದ ಕುಳಿಗಳ ನಡುವಿನ ಅಂತರ 9 ಮಿ.ಮೀ. ಎಂದೂ ನಿಗದಿಪಡಿಸಲಾಗಿದೆ. ಟಿಪ್ ರ‍್ಯಾಕ್‌ಗಳನ್ನೂ ಬಹುತೇಕ ಇದೇ ಅಳತೆಗೆ ಹೊಂದಿಸಿ ತಯಾರಿಸುವುದರಿಂದ ಯಂತ್ರದ ವೇದಿಕೆಯಲ್ಲಿ ಫಲಕ ಇಡುವ ಜಾಗದಲ್ಲಿ ರ‍್ಯಾಕನ್ನೂ ಇಡಬಹುದು.

ರಚನೆ

ರ‍್ಯಾಕ್‌ಗಳನ್ನು ಪೇರಿಸುವುದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಊಟದ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಂತೆ. ಪ್ರತಿ ಪೆಟ್ಟಿಗೆಯೂ ತನ್ನ ಪೂರ್ಣ ಎತ್ತರವನ್ನು ಉಳಿಸಿಕೊಳ್ಳುತ್ತದೆ. ಎರಡನೆಯದು ಲೋಟಗಳನ್ನು ಒಂದರೊಳಗೊಂದು ಸೇರಿಸಿದಂತೆ. ಇದರಲ್ಲಿ ಮೇಲಿನ ಪದರದ ಟಿಪ್‌ಗಳ ಕೆಳಭಾಗವು ಕೆಳಗಿನ ಪದರದ ಟಿಪ್‌ಗಳ ಬಾಯೊಳಗೆ ಇಳಿದಿರುತ್ತದೆ. ಎರಡು ಪದರಗಳ ನಡುವೆ ತೆಳುವಾದ ಚೌಕಟ್ಟು ಮಾತ್ರ ಇರುತ್ತದೆ. ಸ್ವಯಂಚಾಲಿತ ಯಂತ್ರಗಳಲ್ಲಿ ಹೆಚ್ಚು ಸ್ಥಳ ಉಳಿಸುವುದು ಈ ಎರಡನೆಯ ಬಗೆ. ನಾಲ್ಕು ಪದರಗಳ ಪೇರಿಕೆಯಲ್ಲಿ ಒಂದೇ ರ‍್ಯಾಕಿನ ಜಾಗದಲ್ಲಿ 384 ಟಿಪ್‌ಗಳು ಸೇರುತ್ತವೆ.

ಟಿಪ್‌ಗಳನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನಿಂದ ತಯಾರಿಸುತ್ತಾರೆ. ಕೆಲವು ಯಂತ್ರಗಳು ದ್ರವದ ಮೇಲ್ಮೈಯನ್ನು ವಿದ್ಯುತ್ ಸಂವೇದನೆಯಿಂದ ಗುರುತಿಸುತ್ತವೆ. ಅಂಥ ಯಂತ್ರಗಳ ಟಿಪ್‌ಗಳಿಗೆ ಇಂಗಾಲದ ಪುಡಿ ಬೆರೆಸಿರುವುದರಿಂದ ಅವು ಕಪ್ಪಾಗಿರುತ್ತವೆ.

ಕಾರ್ಯವಿಧಾನ

ಯಂತ್ರದ ತೋಳು ಅತಿ ಮೇಲಿನ ಪದರದಿಂದ ಮಾತ್ರ ಟಿಪ್ ತೆಗೆದುಕೊಳ್ಳಬಲ್ಲದು. ಎಂಟು ಕೊಳವೆಗಳ ತೋಳಾದರೆ ಒಂದೊಂದು ಕಂಬವನ್ನು ತೆಗೆದು 12 ಬಾರಿಯಲ್ಲಿ ಒಂದು ಪದರವನ್ನು ಮುಗಿಸುತ್ತದೆ. 96 ಕೊಳವೆಗಳ ತಲೆಯಾದರೆ ಇಡೀ ಪದರವನ್ನು ಒಮ್ಮೆಗೇ ಎತ್ತುತ್ತದೆ. ಪದರ ಬರಿದಾದ ಬಳಿಕ ಯಂತ್ರದ ಹಿಡಿಕೆಯು ಖಾಲಿ ಚೌಕಟ್ಟನ್ನು ಎರಡೂ ಬದಿಗಳಿಂದ ಹಿಡಿದೆತ್ತಿ ತ್ಯಾಜ್ಯದ ಪೆಟ್ಟಿಗೆಗೆ ಹಾಕುತ್ತದೆ ಅಥವಾ ಬೇರೆ ಸ್ಥಾನದಲ್ಲಿ ಇಡುತ್ತದೆ. ಹಿಡಿಕೆಯಿಲ್ಲದ ಯಂತ್ರದಲ್ಲಿ ಕೆಲಸ ನಿಲ್ಲಿಸಿ ಸಿಬ್ಬಂದಿಯೇ ಚೌಕಟ್ಟನ್ನು ತೆಗೆಯಬೇಕಾಗುತ್ತದೆ.

ಪ್ರತಿ ಪದರ ಹೋದಂತೆ ಮುಂದಿನ ಟಿಪ್‌ಗಳ ಎತ್ತರ ತಗ್ಗುತ್ತದೆ. ಉದಾಹರಣೆಗೆ, ಒಂದು ಪದರದ ಏರಿಕೆ 16 ಮಿ.ಮೀ. ಎಂದು ಭಾವಿಸಿದರೆ, ನಾಲ್ಕು ಪದರಗಳ ಪೇರಿಕೆಯಲ್ಲಿ ಮೇಲಿನ ಪದರವು ತಳದ ಪದರಕ್ಕಿಂತ 48 ಮಿ.ಮೀ. ಎತ್ತರದಲ್ಲಿರುತ್ತದೆ. ಎರಡು ಪದರಗಳು ಮುಗಿದಾಗ ಈ ವ್ಯತ್ಯಾಸ 16 ಮಿ.ಮೀ. ಮಾತ್ರ. ತೋಳು ಎಷ್ಟು ಕೆಳಗೆ ಇಳಿಯಬೇಕೆಂಬುದನ್ನು ತಂತ್ರಾಂಶವು ಉಳಿದ ಪದರಗಳ ಸಂಖ್ಯೆಯಿಂದಲೇ ಲೆಕ್ಕಹಾಕುತ್ತದೆ. ಆದ್ದರಿಂದ ತಂತ್ರಾಂಶದಲ್ಲಿ ಪೇರಿಕೆಯನ್ನು ಒಂದೇ ವಸ್ತುವೆಂದು ನಮೂದಿಸದೆ, ಪದರಗಳ ಸರಣಿ ಎಂದು ನಮೂದಿಸಬೇಕಾಗುತ್ತದೆ. ಮೇಲಿನದನ್ನು ತೆಗೆದ ಕೂಡಲೇ ಅದರ ಕೆಳಗಿನದು ಬಳಕೆಗೆ ಲಭ್ಯವಾಗುವಂತೆ ದಾಖಲೆ ಬದಲಾಗಬೇಕು.

ಕಂಡುಬರುವ ದೋಷಗಳು

ದಾಖಲೆ ಮತ್ತು ವಾಸ್ತವದ ನಡುವಿನ ಅಂತರದಿಂದಲೇ ಹೆಚ್ಚಿನ ತೊಂದರೆಗಳು ಉಂಟಾಗುತ್ತವೆ. ವಿದ್ಯುತ್ ಕಡಿತದಿಂದ ಕೆಲಸ ಅರ್ಧಕ್ಕೆ ನಿಂತು, ಮತ್ತೆ ಆರಂಭಿಸುವಾಗ ತಂತ್ರಾಂಶವು ಪೇರಿಕೆ ಪೂರ್ಣವಾಗಿದೆ ಎಂದು ಭಾವಿಸಿದರೆ ತೋಳು ಗಾಳಿಯಲ್ಲಿಯೇ ಟಿಪ್ ಹುಡುಕುತ್ತದೆ. ಇದಕ್ಕೆ ವಿರುದ್ಧವಾಗಿ, ಸಿಬ್ಬಂದಿ ಹೊಸ ಪೇರಿಕೆಯನ್ನು ಇಟ್ಟು ದಾಖಲೆಯನ್ನು ಬದಲಿಸದಿದ್ದರೆ ತೋಳು ಅಗತ್ಯಕ್ಕಿಂತ ಕೆಳಗಿಳಿದು ಟಿಪ್‌ಗಳಿಗೆ ಬಡಿಯುತ್ತದೆ. ಮೊದಲನೆಯದರಲ್ಲಿ ಸಮಯ ವ್ಯರ್ಥವಾದರೆ, ಎರಡನೆಯದರಲ್ಲಿ ಯಂತ್ರಕ್ಕೆ ಹಾನಿಯಾಗಬಹುದು. ಟಿಪ್ ಸಿಕ್ಕಿದೆಯೇ ಎಂಬುದನ್ನು ತಿಳಿಯುವ ಸಂವೇದಕವಿರುವ ಯಂತ್ರಗಳಲ್ಲಿ ಮೊದಲನೆಯ ದೋಷ ಬೇಗ ಪತ್ತೆಯಾಗುತ್ತದೆ.

ಒಣ ಹವೆಯಲ್ಲಿ ಸ್ಥಿರ ವಿದ್ಯುತ್ತಿನಿಂದ ಟಿಪ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಆಗ ಮೇಲಿನ ಟಿಪ್‌ನೊಂದಿಗೆ ಕೆಳಗಿನದೂ ಎದ್ದುಬರಬಹುದು. ತೋಳನ್ನು ಬಲವಾಗಿ ಒತ್ತಿ ಟಿಪ್ ಸಿಕ್ಕಿಸಿಕೊಳ್ಳುವ ಯಂತ್ರಗಳಲ್ಲಿ ಆ ಒತ್ತಡ ಕೆಳಗಿನ ಪದರಗಳಿಗೂ ತಲುಪಿ ಅವು ಇನ್ನಷ್ಟು ಬಿಗಿಯಾಗುವ ಸಾಧ್ಯತೆಯಿದೆ. ಹ್ಯಾಮಿಲ್ಟನ್ ಸಂಸ್ಥೆಯ ಯಂತ್ರಗಳಲ್ಲಿ ಕೊಳವೆಯ ಕೊನೆಯ ರಬ್ಬರ್ ಉಂಗುರ ಹಿಗ್ಗಿ ಟಿಪ್ಪನ್ನು ಒಳಗಿನಿಂದ ಹಿಡಿಯುವುದರಿಂದ ಕೆಳಮುಖ ಬಲ ಕಡಿಮೆ ಸಾಕಾಗುತ್ತದೆ.

ಬಳಸಿದ ಟಿಪ್ಪನ್ನು ಹಿಂದಿರುಗಿಸುವುದು ಇನ್ನೊಂದು ಮುಖ್ಯ ದೋಷ. ಸಾಮಾನ್ಯ ರ‍್ಯಾಕಿನಲ್ಲಿ ಅದೇ ಮಾದರಿಗೆ ಮತ್ತೆ ಬೇಕಾಗುವ ಟಿಪ್ಪನ್ನು ಅದರ ಸ್ಥಾನದಲ್ಲಿಯೇ ಇಟ್ಟು ಪುನಃ ಬಳಸುವ ರೂಢಿಯಿದೆ. ಒಂದರೊಳಗೊಂದು ಇಳಿದ ಪೇರಿಕೆಯಲ್ಲಿ ಹಾಗೆ ಮಾಡಿದರೆ ಬಳಸಿದ ತುದಿಯು ಕೆಳಗಿನ ಶುದ್ಧ ಟಿಪ್‌ನ ಒಳಕ್ಕೆ ಇಳಿಯುತ್ತದೆ. ಆ ಶುದ್ಧ ಟಿಪ್ ಮುಂದೆ ಬೇರೊಬ್ಬ ರೋಗಿಯ ಮಾದರಿಗೆ ಬಳಕೆಯಾದಾಗ ತಪ್ಪು ಫಲಿತಾಂಶ ಬರಬಹುದು. ಸಂವೇದಕಕ್ಕೆ ಈ ದೋಷ ಕಾಣುವುದಿಲ್ಲ. ಆದ್ದರಿಂದ ಇಂಥ ಪೇರಿಕೆಗಳಲ್ಲಿ ಬಳಸಿದ ಟಿಪ್ಪನ್ನು ನೇರವಾಗಿ ತ್ಯಾಜ್ಯಕ್ಕೆ ಹಾಕುವುದೇ ಸುರಕ್ಷಿತ ಕ್ರಮ.

ಕರ್ನಾಟಕ ಮತ್ತು ಬೆಳಗಾವಿ ಜಿಲ್ಲೆ

ಟಿಪ್‌ಗಳ ಲೆಕ್ಕ ಎಷ್ಟು ಮುಖ್ಯವೆಂಬುದು ಕೋವಿಡ್-19 ಸಾಂಕ್ರಾಮಿಕದ ಕಾಲದಲ್ಲಿ ಸ್ಪಷ್ಟವಾಯಿತು. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಹಾಗೂ ಮೊದಲು ಗೋಕಾಕ ತಾಲ್ಲೂಕಿನ ಭಾಗವಾಗಿದ್ದ ಮೂಡಲಗಿಯಂಥ ತಾಲ್ಲೂಕುಗಳಲ್ಲಿ ಗಂಟಲು ದ್ರವದ ಮಾದರಿಯನ್ನು ಸ್ಥಳೀಯವಾಗಿ ಸಂಗ್ರಹಿಸಬಹುದು. ಆದರೆ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ವಿಶೇಷ ಪ್ರಯೋಗಾಲಯವೇ ಬೇಕು. ಗೋಕಾಕದಿಂದ ಬೆಳಗಾವಿ ನಗರಕ್ಕೆ ಸುಮಾರು 65 ಕಿ.ಮೀ. ದೂರವಿದ್ದು, ಮೂಡಲಗಿ ಇನ್ನೂ ದೂರದಲ್ಲಿದೆ. ಬೆಳಗಾವಿಯಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಲ್ಲಿ 2020ರಲ್ಲಿ ಕೋವಿಡ್ ಪರೀಕ್ಷೆ ಆರಂಭವಾಯಿತು. ಅದೇ ವರ್ಷದ ಜುಲೈ 27ರಂದು ನೊಯ್ಡಾ, ಮುಂಬಯಿ ಮತ್ತು ಕೋಲ್ಕತ್ತಗಳಲ್ಲಿ ದಿನಕ್ಕೆ 10,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಬಲ್ಲ ಸ್ವಯಂಚಾಲಿತ ಕೇಂದ್ರಗಳು ಉದ್ಘಾಟನೆಗೊಂಡವು. ವೈರಾಣುವಿನ ತಳಿಗಳನ್ನು ಗುರುತಿಸಲು 2020ರ ಡಿಸೆಂಬರ್‌ನಲ್ಲಿ ರಚಿತವಾದ ರಾಷ್ಟ್ರೀಯ ಒಕ್ಕೂಟದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿತ್ತು.

ಕೈಯಿಂದಾಗಲಿ ಯಂತ್ರದಿಂದಾಗಲಿ, ಟಿಪ್‌ಗಳ ಖರ್ಚಿನ ಗಣಿತ ಒಂದೇ. 96 ಮಾದರಿಗಳಿಂದ ಆರ್‌ಎನ್‌ಎ ಬೇರ್ಪಡಿಸುವಾಗ ಪ್ರತಿ ಮಾದರಿಗೆ ಐದು ಬಾರಿ ಹೊಸ ಟಿಪ್ ಬೇಕಾದರೆ ಒಟ್ಟು 480 ಟಿಪ್‌ಗಳು ಬೇಕು. ನಾಲ್ಕು ಪದರಗಳ ಒಂದು ಪೇರಿಕೆ ಅದಕ್ಕೆ ಸಾಲದು. ಎರಡನೆಯ ಪೇರಿಕೆಯಲ್ಲಿ ಒಂದು ಪದರ ಖರ್ಚಾಗಿ ಮೂರು ಉಳಿಯುತ್ತವೆ. ಈ ಉಳಿಕೆ ದಾಖಲಾಗದಿದ್ದರೆ ಮರುದಿನದ ಪರೀಕ್ಷೆ ನಡುವೆಯೇ ನಿಲ್ಲುತ್ತದೆ. ಅಂಥ ಸಂದರ್ಭದಲ್ಲಿ ಮಾದರಿ ಕೆಟ್ಟರೆ, ದೂರದ ತಾಲ್ಲೂಕಿನ ರೋಗಿಯಿಂದ ಮತ್ತೊಮ್ಮೆ ಮಾದರಿ ತರಿಸಬೇಕಾಗುತ್ತದೆ.

ಕೊರತೆ ಮತ್ತು ತ್ಯಾಜ್ಯ

ಸಾಂಕ್ರಾಮಿಕದ ಅವಧಿಯಲ್ಲಿ ಪ್ರಪಂಚದಾದ್ಯಂತ ಟಿಪ್‌ಗಳ ಕೊರತೆ ಉಂಟಾಗಿತ್ತು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಬೀಸಿದ ಹಿಮಗಾಳಿಯಿಂದ ಪಾಲಿಪ್ರೊಪಿಲೀನ್ ತಯಾರಿಕೆ ಕುಂಠಿತವಾಗಿ ಕೊರತೆ ಮತ್ತಷ್ಟು ತೀವ್ರವಾಯಿತು. ಅರ್ಧ ಬಳಸಿದ ಪದರವನ್ನು ಎಸೆಯದೆ, ಉಳಿದ ಕಂಬಗಳನ್ನು ದಾಖಲಿಸಿ ಮುಂದಿನ ಕೆಲಸಕ್ಕೆ ಬಳಸುವುದು ಇಂಥ ಸಮಯದಲ್ಲಿ ಉಪಯುಕ್ತ.

ಒಂದರೊಳಗೊಂದು ಇಳಿಯುವ ರ‍್ಯಾಕ್‌ಗಳಲ್ಲಿ ಪೆಟ್ಟಿಗೆಯ ಪ್ಲಾಸ್ಟಿಕ್ ಕಡಿಮೆಯಿದ್ದು, ತೆಳುವಾದ ಚೌಕಟ್ಟುಗಳು ಮಾತ್ರ ಉಳಿಯುತ್ತವೆ. ಭಾರತದಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸೋಂಕು ತಗಲಿದ, ಮರುಬಳಕೆಗೆ ಬರುವ ಪ್ಲಾಸ್ಟಿಕ್ ತ್ಯಾಜ್ಯ ಕೆಂಪು ವರ್ಗಕ್ಕೆ ಸೇರುತ್ತದೆ. ಸೋಂಕು ತಗಲದ ಖಾಲಿ ಚೌಕಟ್ಟುಗಳನ್ನು ಬಳಸಿದ ಟಿಪ್‌ಗಳ ಪೆಟ್ಟಿಗೆಗೆ ಹಾಕದೆ ಪ್ರತ್ಯೇಕ ಸ್ಥಾನದಲ್ಲಿ ಇಡುವಂತೆ ಯಂತ್ರವನ್ನು ಹೊಂದಿಸಿದರೆ ಸೋಂಕಿತ ತ್ಯಾಜ್ಯದ ಪ್ರಮಾಣ ತಗ್ಗುತ್ತದೆ.