ಮಕ್ಕಳ ಕೋಟೆಯೂ ಪೆಟ್ಟಿಗೆಯ ಕೋಟೆಯೂ

ದೀಪಾವಳಿಯ ದಿವಸಗಳು ಸಮೀಪಿಸಿದವೆಂದರೆ ಬೆಳಗಾವಿಯ ಓಣಿಗಳಲ್ಲಿ ಒಂದು ವಿಶೇಷವಾದ ಗಡಿಬಿಡಿಯು ಕಾಣಬರುತ್ತದೆ. ಶಾಲೆಗೆ ಬಿಡುವು ದೊರೆತ ಬಾಲಕರು ಎಲ್ಲಿಂದಲೋ ಇಟ್ಟಿಗೆಯ ಚೂರುಗಳನ್ನೂ, ಹಳೆಯ ಗೋಣಿಚೀಲಗಳನ್ನೂ, ಬುಟ್ಟಿಗಟ್ಟಲೆ ಕೆಮ್ಮಣ್ಣನ್ನೂ ಹೊತ್ತು ತಂದು ಅಂಗಳದ ಮೂಲೆಯಲ್ಲಿ ರಾಶಿ ಹಾಕುತ್ತಾರೆ. ಕಲ್ಲು ಇಟ್ಟಿಗೆಗಳನ್ನು ಗುಡ್ಡದಂತೆ ಪೇರಿಸಿ, ಕೆಸರಿನಲ್ಲಿ ನೆನೆಸಿದ ಗೋಣಿಯನ್ನು ಅದರ ಮೇಲೆ ಹೊದಿಸಿ, ಮಣ್ಣನ್ನು ಮೆತ್ತಿ, ಏರುವ ದಾರಿ, ಬಾಗಿಲು, ಬುರುಜು, ಕೆರೆಗಳನ್ನು ತಿದ್ದುತ್ತಾರೆ. ಸಾಸಿವೆಯನ್ನೋ ರಾಗಿಯನ್ನೋ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡದ ತುಂಬ ಹಸುರು ಹುಟ್ಟಿಕೊಳ್ಳುತ್ತದೆ. ಪೇಟೆಯಿಂದ ತಂದ ಮಣ್ಣಿನ ಸಿಪಾಯಿಗಳು ಪಹರೆಗೆ ನಿಲ್ಲುತ್ತಾರೆ. ಶಿಖರದ ಮೇಲೆ ಶಿವಾಜಿ ಮಹಾರಾಜರ ಪ್ರತಿಮೆಯು ಸಿಂಹಾಸನವೇರುತ್ತದೆ. ಪುಣೆ, ಕೊಲ್ಹಾಪುರ, ಸಾಂಗಲಿಗಳಲ್ಲಿಯೂ ಇದೇ ರೂಢಿಯುಂಟು. ‘ಕಿಲ್ಲಾ’ ಎಂದು ಹೆಸರಾದ ಈ ಆಟವನ್ನು ಯಾವ ಗುರುವೂ ಕಲಿಸುವುದಿಲ್ಲ. ಅಣ್ಣನಿಂದ ತಮ್ಮನಿಗೆ, ಒಂದು ಓಣಿಯಿಂದ ಇನ್ನೊಂದು ಓಣಿಗೆ ಅದು ತಾನಾಗಿಯೇ ಸಾಗಿಬಂದಿದೆ.

ಇಂಥ ಓಣಿಗಳಲ್ಲಿ ಈಚೆಗೆ ಎರಡು ಹೊಸ ವಸ್ತುಗಳು ಕಾಲಿರಿಸಿವೆ. ಒಂದು, ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಬಣ್ಣ ಬಳಿದ ಸಿದ್ಧ ಕೋಟೆ. ತಂದು ಇಟ್ಟರೆ ಮುಗಿಯಿತು. ಎರಡನೆಯದು, ಪೆಟ್ಟಿಗೆಯಲ್ಲಿ ಬರುವ ಕೋಟೆ ಕಟ್ಟುವ ಸಾಹಿತ್ಯ. ಇದರಲ್ಲಿ ಹಲವು ಬಗೆಗಳುಂಟು. ಕೆಲವು ಮರದ ತುಂಡುಗಳು; ಕೆಲವು ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳು; ಮತ್ತೆ ಕೆಲವು ಉದ್ದ ಕಡ್ಡಿಗಳೂ ತೂತುಳ್ಳ ಚೆಂಡುಗಳೂ ಆಗಿದ್ದು, ಅವುಗಳಿಂದ ಹಂದರವನ್ನು ಜೋಡಿಸಿ ಮೇಲೆ ಚಾದರವನ್ನು ಹೊದಿಸಿದರೆ ಕೂಸು ಒಳಗೆ ಹೊಕ್ಕು ಕುಳಿತುಕೊಳ್ಳಬಹುದಾದಷ್ಟು ದೊಡ್ಡ ಕೋಟೆಯಾಗುತ್ತದೆ. ಅಂಗಳವಿಲ್ಲದ ಮನೆಗಳು ಹೆಚ್ಚುತ್ತಿರುವ ಈ ಕಾಲದಲ್ಲಿ, ಮೂರನೆಯ ನಾಲ್ಕನೆಯ ಅಂತಸ್ತಿನಲ್ಲಿ ವಾಸಿಸುವ ತಾಯ್ತಂದೆಗಳು ಮಣ್ಣಿನ ಬದಲು ಪೆಟ್ಟಿಗೆಯನ್ನು ಕೊಳ್ಳುವುದು ಸಹಜವೇ ಆಗಿದೆ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಪೆಟ್ಟಿಗೆಯಿಂದ ಕೂಸಿಗೆ ಏನು ದೊರೆಯಬೇಕು, ಏನು ದೊರೆಯದೆ ಹೋಗುತ್ತಿದೆ ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಪೆಟ್ಟಿಗೆಯ ಪೂರ್ವವೃತ್ತಾಂತ

ಕಟ್ಟುವ ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಕೂಸಿನ ಕೈಗೆ ಕೊಡುವುದನ್ನು ಒಂದು ಶಿಕ್ಷಣಪದ್ಧತಿಯನ್ನಾಗಿ ಮಾಡಿದವನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1782ರಲ್ಲಿ ತುರಿಂಗಿಯಾ ಪ್ರಾಂತದಲ್ಲಿ ಹುಟ್ಟಿದ ಈತನು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಶಿಶುಗಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂಬ ಹೆಸರನ್ನಿಟ್ಟನು. ತನ್ನ ಸಾಹಿತ್ಯಕ್ಕೆ ಆತನು ಕೊಟ್ಟ ಹೆಸರು ‘ಕೊಡುಗೆಗಳು’. ಮೂರನೆಯ ಕೊಡುಗೆಯು ಎಂಟು ಚಿಕ್ಕ ಘನಗಳಾಗಿ ಬಿಡಿಸಿದ ಒಂದೇ ಒಂದು ಮರದ ಘನ. ನಾಲ್ಕನೆಯದರಲ್ಲಿ ಎಂಟು ಇಟ್ಟಿಗೆಯಾಕಾರದ ತುಂಡುಗಳು. ಐದನೆಯದರಲ್ಲಿ ಇಪ್ಪತ್ತೇಳು ಘನಗಳಿದ್ದು, ಕೆಲವನ್ನು ಮೂಲೆಯಿಂದ ಮೂಲೆಗೆ ಸೀಳಿರುವುದರಿಂದ ಛಾವಣಿಯ ಇಳಿಜಾರನ್ನೂ ಕಟ್ಟಲು ಬರುತ್ತದೆ. ಇಷ್ಟು ಸಾಧುವಾದ ಈ ಆಟವನ್ನು ಕಂಡು ಪ್ರಶಿಯಾದ ಸರಕಾರವು ಬೆದರಿ, 1851ರಲ್ಲಿ ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿತೆಂಬುದು ವಾಚಕರಿಗೆ ಆಶ್ಚರ್ಯವೆನಿಸಬಹುದು. ಮರುವರ್ಷವೇ ಫ್ರೋಬೆಲ್ ತೀರಿಕೊಂಡನು. ಆ ನಿಷೇಧವು ತೆರವಾದದ್ದು 1860ರಲ್ಲಿ. ಸ್ವಂತ ಬುದ್ಧಿಯಿಂದ ಕಟ್ಟಲು ಕಲಿತ ಮಕ್ಕಳು ಮುಂದೆ ಸ್ವಂತ ಬುದ್ಧಿಯಿಂದ ವಿಚಾರಿಸಿಯಾರೆಂಬ ಅಂಜಿಕೆಯು ಅಧಿಕಾರಸ್ಥರಿಗೆ ಎಲ್ಲ ಕಾಲದಲ್ಲಿಯೂ ಇದ್ದದ್ದೇ.

ಅದೇ ತುರಿಂಗಿಯಾದ ರುಡೋಲ್‌ಸ್ಟಾಟ್ ಎಂಬಲ್ಲಿ ರಿಕ್ಟರ್ ಎಂಬ ಉದ್ಯೋಗಪತಿಯು, 1880ರ ಸುಮಾರಿಗೆ, ಮರಳು, ಸೀಮೆಸುಣ್ಣ, ಅಗಸೆಯೆಣ್ಣೆಗಳನ್ನು ಕಲಸಿ ಒತ್ತಿ ಮಾಡಿದ ‘ಆಂಕರ್’ ಕಲ್ಲುಗಳನ್ನು ಮಾರತೊಡಗಿದನು. ಇಟ್ಟಿಗೆಯ ಕೆಂಪು, ಸುಣ್ಣಗಲ್ಲಿನ ನಸುಹಳದಿ, ಹಂಚಿನ ನೀಲಿ ಈ ಮೂರೇ ಬಣ್ಣಗಳಲ್ಲಿ ಯುರೋಪಿನ ಮಕ್ಕಳು ಅವುಗಳಿಂದ ದುರ್ಗಗಳನ್ನೂ ಸೇತುವೆಗಳನ್ನೂ ಕಟ್ಟಿದರು. ಆ ಕಲ್ಲನ್ನು ಕಂಡುಹಿಡಿದವರು ಲಿಲಿಯೆಂಥಾಲ್ ಸಹೋದರರು. ಅವರಲ್ಲಿ ಒಬ್ಬನಾದ ಆಟೋ, ರೆಕ್ಕೆ ಕಟ್ಟಿಕೊಂಡು ಗುಡ್ಡಗಳಿಂದ ಹಾರಿ, ವಿಮಾನವಿದ್ಯೆಗೆ ದಾರಿ ತೋರಿಸಿ, 1896ರಲ್ಲಿ ಹಾರುವಾಗಲೇ ಬಿದ್ದು ಮಡಿದನು. ಮುಂದೆ ನ್ಯೂಯಾರ್ಕಿನ ಕ್ಯಾರೊಲಿನ್ ಪ್ರ್ಯಾಟ್ ಎಂಬ ಶಿಕ್ಷಕಿಯು ಒಂದು ಅಳತೆಯ ಮರದ ತುಂಡುಗಳನ್ನು ರೂಪಿಸಿದಳು. ಅವುಗಳ ದಪ್ಪದ ಎರಡರಷ್ಟು ಅಗಲ, ಅಗಲದ ಎರಡರಷ್ಟು ಉದ್ದ. ಆದುದರಿಂದ ಎರಡು ಚಿಕ್ಕವು ಒಂದು ದೊಡ್ಡದಕ್ಕೆ ಸಮನೆಂಬುದನ್ನು ಕೂಸು ಲೆಕ್ಕವರಿಯುವ ಮೊದಲೇ ಕೈಯಿಂದ ಅರಿಯುತ್ತದೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ 1932ರಿಂದ ಮರದ ಆಟಿಗೆಗಳನ್ನು ಮಾಡುತ್ತಿದ್ದ ಒಬ್ಬ ಬಡಗಿಯ ಮನೆತನವು 1958ರಲ್ಲಿ, ಕೆಳಮೈಯ ಕೊಳವೆಗಳು ಮೇಲ್ಮೈಯ ಗುಬುಟುಗಳನ್ನು ಬಿಗಿಯಾಗಿ ಹಿಡಿಯುವ ಪ್ಲಾಸ್ಟಿಕ್ ಇಟ್ಟಿಗೆಗೆ ಹಕ್ಕುಪತ್ರವನ್ನು ಬೇಡಿತು. ಅದೇ ಇಂದು ಲೋಕವಿಖ್ಯಾತವಾದ ‘ಲೆಗೊ’. ಎಂಟು ಗುಬುಟುಗಳುಳ್ಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ವಿಧಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಆ ಮನೆತನದ ಹಳದಿ ಬಣ್ಣದ ಕೋಟೆಯ ಪೆಟ್ಟಿಗೆಯು 1978ರಲ್ಲಿ ಹೊರಬಂದಿತು.

ಒಂದು ಮನೆಯಲ್ಲಿ ಕಂಡದ್ದು

ಆರು ಇಟ್ಟಿಗೆಗಳಿಗೆ ತೊಂಬತ್ತು ಕೋಟಿಗೆ ಮೀರಿದ ದಾರಿಗಳು! ಆದರೆ ಪೆಟ್ಟಿಗೆಯ ಸಂಗಡ ಬರುವ ಚಿತ್ರಪುಸ್ತಕವು ತೋರಿಸುವುದು ಒಂದೇ ದಾರಿಯನ್ನು. ನಮ್ಮ ನೆರೆಮನೆಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯನ್ನು ಇಲ್ಲಿ ಹೇಳುವೆವು. ಐದು ವರ್ಷದ ಒಂದು ಹುಡುಗಿಗೆ ಅವಳ ಸೋದರಮಾವನು ಬೆಲೆಬಾಳುವ ಕೋಟೆಯ ಪೆಟ್ಟಿಗೆಯೊಂದನ್ನು ತಂದುಕೊಟ್ಟನು. ಚಿತ್ರಗಳನ್ನು ನೋಡಿ ನೋಡಿ ಅರ್ಧ ದಿವಸ ಕುಳಿತು ಕೋಟೆಯನ್ನು ಜೋಡಿಸಿದವರು ಅವಳ ತಂದೆಯವರು. ಹುಡುಗಿಯ ಪಾಲಿಗೆ ಬಂದದ್ದು ಬಿದ್ದ ತುಂಡುಗಳನ್ನು ಹೆಕ್ಕಿಕೊಡುವ ಕೆಲಸ. ಮುಗಿದ ಮೇಲೆ ಕೋಟೆಯು ಗಾಜಿನ ಕಪಾಟನ್ನು ಸೇರಿತು. “ಮುಟ್ಟಬೇಡವ್ವಾ, ಬಿಚ್ಚಿ ಹೋದೀತು” ಎಂಬ ಆಜ್ಞೆಯೂ ಆಯಿತು. ಮರುದಿವಸ ನಾವು ಹೋದಾಗ ಆ ಹುಡುಗಿಯು ಎರಡು ಕುರ್ಚಿಗಳ ನಡುವೆ ಅಜ್ಜಿಯ ಹಳೆಯ ಸೀರೆಯನ್ನು ಕಟ್ಟಿ, ಒಳಗೆ ಕುಳಿತು, “ಅಜ್ಜೀ, ಇದು ನನ್ನ ಕೋಟೆ, ಬಾಗಿಲು ಬಡಿದು ಬಾ” ಎಂದು ಕೂಗುತ್ತಿದ್ದಳು. ಅಜ್ಜಿಯೂ ಗಾಳಿಯಲ್ಲಿ ಬಾಗಿಲು ಬಡಿದು, ತಲೆ ಬಗ್ಗಿಸಿ ಒಳಗೆ ಹೋದರು. ಕಪಾಟಿನಲ್ಲಿದ್ದದ್ದು ತಂದೆಯ ಕೋಟೆ. ಸೀರೆಯದು ಮಗಳ ಕೋಟೆ. ಪೆಟ್ಟಿಗೆಯು ಕೆಟ್ಟದ್ದಾಗಿರಲಿಲ್ಲ. ಅದನ್ನು ಕೂಸಿಗೆ ಕೊಡದೆ ಹೋದದ್ದೇ ದೋಷವಾಯಿತು.

ಕಟ್ಟುವುದರಿಂದ ಆಗುವ ಕಲಿಕೆ

ಒಂದೂವರೆ ವರ್ಷದ ಕೂಸು ಮೂರು ನಾಲ್ಕು ತುಂಡುಗಳನ್ನು ಒಂದರ ಮೇಲೊಂದು ಇಡುತ್ತದೆ. ಎರಡು ವರ್ಷಕ್ಕೆ ಆರೇಳನ್ನು ನಿಲ್ಲಿಸುತ್ತದೆ. ಮೂರು ವರ್ಷದ ಹೊತ್ತಿಗೆ ಎರಡು ತುಂಡುಗಳ ಮೇಲೆ ಒಂದನ್ನು ಅಡ್ಡಲಾಗಿಟ್ಟು ಸೇತುವೆ ಮಾಡುತ್ತದೆ. ಆ ಬಳಿಕ ಸುತ್ತಲೂ ಗೋಡೆಯೆಬ್ಬಿಸಿ ನಡುವೆ ಬಯಲು ಬಿಡುವುದನ್ನು ಕಲಿಯುತ್ತದೆ. ‘ಒಳಗೆ’ ‘ಹೊರಗೆ’ ಎಂಬ ಭೇದವು ಕೂಸಿನ ಕೈಯಿಂದಲೇ ಹುಟ್ಟಿದ ಕ್ಷಣವಿದು; ಕೋಟೆಯ ಆರಂಭವೂ ಇದೇ. ಮುಂದೆ ಗೋಡೆಯು ಎತ್ತರವಾದಂತೆ ಬೀಳುತ್ತದೆ. ಸಂದಿಯ ಮೇಲೆ ಸಂದಿ ಬಂದರೆ ಗೋಡೆ ನಿಲ್ಲದು, ಕೆಳಗಿನ ಸಂದಿಯನ್ನು ಮೇಲಿನ ಇಟ್ಟಿಗೆಯು ಮುಚ್ಚಬೇಕು. ಬುರುಜಿನ ಬುಡವು ಅಗಲವಾಗಿರಬೇಕು. ಬಾಗಿಲು ಬಿಟ್ಟಲ್ಲಿ ಮೇಲೆ ತೊಲೆ ಬೇಕು. ನಮ್ಮ ಗೌಂಡಿಗಳು ತಲೆತಲಾಂತರದಿಂದ ಬಲ್ಲ ಈ ಸಂಗತಿಗಳನ್ನು ಪ್ರತಿಯೊಂದು ಕೂಸೂ ಬೀಳಿಸಿ ಬೀಳಿಸಿ ಹೊಸದಾಗಿ ಕಂಡುಕೊಳ್ಳುತ್ತದೆ. ಬೀಳುವ ಅವಕಾಶವೇ ಇಲ್ಲದ ಸಿದ್ಧ ಕೋಟೆಯಿಂದ ಈ ವಿದ್ಯೆಯು ಎಂದಿಗೂ ಬಾರದು.

ಅದಕ್ಕಿಂತ ದೊಡ್ಡ ಕಲಿಕೆಯು ಇನ್ನೊಂದಿದೆ. ಓಣಿಯ ಕಿಲ್ಲೆಯನ್ನು ಒಬ್ಬನೇ ಕಟ್ಟಲಾರನು. ಮಣ್ಣು ಹೊರುವವನು, ಕೆಸರು ಕಲಸುವವನು, ನೀರು ತರುವವನು ಎಲ್ಲರೂ ಬೇಕು. ಬಾಗಿಲು ಯಾವ ದಿಕ್ಕಿಗಿರಬೇಕೆಂಬ ಜಗಳವು ಹುಟ್ಟಬೇಕು, ಅದು ಮಾತಿನಿಂದಲೇ ತೀರಬೇಕು. ಸ್ವರಾಜ್ಯದ ಮೊದಲ ಪಾಠವು ಇದಲ್ಲದೆ ಮತ್ತಾವುದು?

ಕೋಟೆಯೇ ಏಕೆ?

ಕೋಟೆಯು ಯುದ್ಧದ ಕುರುಹು. ಎಳೆಯ ಮಕ್ಕಳಿಗೆ ಆ ಆಟವೇಕೆ ಎಂದು ಕೆಲವರು ಆಕ್ಷೇಪಿಸುವುದುಂಟು. ಆಕ್ಷೇಪವು ತಿರಸ್ಕಾರ್ಹವಲ್ಲ. ಆದರೆ ಮಕ್ಕಳು ಕಟ್ಟುವುದನ್ನು ಹತ್ತಿರ ನಿಂತು ನೋಡಿದವರಿಗೆ ಸಮಾಧಾನವಾದೀತು. ತೋಪುಗಳಿಗಿಂತ ಹೆಚ್ಚು ಹೊತ್ತು ಅವರು ಕೆರೆಯನ್ನು ತೋಡುವುದರಲ್ಲಿ, ಬಾವಿಗೆ ನೀರು ತುಂಬುವುದರಲ್ಲಿ, ಸಂತೆಯನ್ನು ಹೂಡುವುದರಲ್ಲಿ ಕಳೆಯುತ್ತಾರೆ. ನಿಜವಾದ ಕೋಟೆಗಳೂ ಹಾಗೆಯೇ ಇದ್ದವು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯೊಳಗೆ ಹೋದವರು ಗೋಡೆಗಳನ್ನು ಮಾತ್ರ ನೋಡಿ ಬರುವುದಿಲ್ಲ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಎಣ್ಣೆಯ ಕೊಳಗಳು, ಮದ್ದು ಬೀಸುವ ಭಾರಿ ಕಲ್ಲುಗಳು, ಗುಡಿಗಳು ಇವೆಲ್ಲವೂ ಅಲ್ಲಿವೆ. ಬಂಡೆಗಳ ಮೇಲೆ ಬಿದ್ದ ಮಳೆಯ ನೀರು ಹೊಂಡದಿಂದ ಹೊಂಡಕ್ಕೆ ಇಳಿದು ನಿಲ್ಲುವಂತೆ ಮಾಡಿದ ಏರ್ಪಾಡು ಇಂದಿನ ಎಂಜಿನಿಯರರೂ ತಲೆದೂಗುವಂಥದು. 1779ರಲ್ಲಿ ಹೈದರಾಲಿಯ ವಶವಾಗುವ ಮೊದಲು ಆ ದುರ್ಗವು ತಡೆದು ನಿಂತದ್ದು ಕಲ್ಲಿನ ಬಲದಿಂದಷ್ಟೇ ಅಲ್ಲ, ನೀರಿನ ಬಲದಿಂದಲೂ. ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಕಥೆಯನ್ನು, ಹಸುಗೂಸಿಗಾಗಿ ರಾಯಗಡದ ಕಡಿದಾದ ಬಂಡೆಯನ್ನು ಕತ್ತಲೆಯಲ್ಲಿ ಇಳಿದ ಹಿರಕಣಿಯ ಕಥೆಯನ್ನು ಕೇಳಿದ ಹುಡುಗಿಯು, ಕೋಟೆಯ ಆಟವು ಗಂಡುಮಕ್ಕಳದೆಂದು ಎಂದಿಗೂ ಒಪ್ಪಲಾರಳು.

ರಾಯಗಡ, ಪ್ರತಾಪಗಡ, ಪನ್ಹಾಳ, ಜಿಂಜಿ ಮೊದಲಾದ ಹನ್ನೆರಡು ಕೋಟೆಗಳನ್ನು 2025ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿದೆ. ಕನ್ನಡ ನಾಡಿನ ಕೋಟೆಗಳೂ ಕಡಮೆಯವಲ್ಲ. ಬೀದರ, ವಿಜಾಪುರ, ಕಿತ್ತೂರು, ಮಿರ್ಜಾನ; 1204ರಲ್ಲಿ ಕಟ್ಟಿದ ಕಮಲ ಬಸದಿಯನ್ನು ಒಡಲಲ್ಲಿಟ್ಟುಕೊಂಡ ಬೆಳಗಾವಿಯ ಕೋಟೆ; ಸಕಲೇಶಪುರದ ಹತ್ತಿರ ಟೀಪೂ ಸುಲ್ತಾನನು ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದಂತಿರುವ ಮಂಜರಾಬಾದ್; ಒಂದೊಂದರ ವಿನ್ಯಾಸವೂ ಬೇರೆ. ಆದರೆ ಪೇಟೆಯ ಪೆಟ್ಟಿಗೆಗಳಲ್ಲಿ ನಮ್ಮ ಮಕ್ಕಳಿಗೆ ಹೆಚ್ಚಾಗಿ ದೊರೆಯುವುದು ಯುರೋಪಿನ ಸರದಾರರ ಚೂಪು ಗೋಪುರದ ಕೋಟೆಯೇ ಸರಿ. ಅದನ್ನು ಕಟ್ಟಬಾರದೆಂದಿಲ್ಲ, ಆದರೆ ತಾತನು ಯಾತ್ರೆಯಲ್ಲಿ ಕಂಡುಬಂದ ಬುರುಜನ್ನು ಮೊಮ್ಮಗನು ಕಟ್ಟಿದರೆ ಇಬ್ಬರಿಗೂ ಮಾತನಾಡಲು ಒಂದು ವಿಷಯವು ದೊರೆಯುತ್ತದೆ.

ಕೊಳ್ಳುವವರು ನೋಡತಕ್ಕ ಸಂಗತಿಗಳು

ಪೆಟ್ಟಿಗೆಯನ್ನು ಕೊಳ್ಳುವವರಿಗೆ ಎರಡು ಮಾತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಗೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಿಗಳ ಸರಕಿಗೆ ವಿನಾಯಿತಿಯುಂಟು. ಮೂರು ವರ್ಷದೊಳಗಿನ ಕೂಸಿಗೆ ಬಾಯಲ್ಲಿ ಹಿಡಿಯುವಷ್ಟು ಸಣ್ಣ ತುಂಡುಗಳನ್ನು ಸರ್ವಥಾ ಕೊಡಬಾರದು. ಅಯಸ್ಕಾಂತದ ತುಂಡುಗಳು ಒಡೆದಿವೆಯೋ ಎಂದು ಆಗಾಗ ನೋಡತಕ್ಕದ್ದು. ಎರಡು ಬಿಡಿ ಅಯಸ್ಕಾಂತಗಳನ್ನು ಕೂಸು ನುಂಗಿದರೆ ಅವು ಕರುಳಿನ ಆಚೆ ಈಚೆ ನಿಂತು ಒಂದನ್ನೊಂದು ಎಳೆದು ಪ್ರಾಣಕ್ಕೆ ಮುಳುವಾಗುತ್ತವೆ. ಚಾದರ ಹೊದಿಸುವ ಕೋಟೆಯಲ್ಲಿ ಹಗ್ಗವನ್ನೂ ದೀಪವನ್ನೂ ಇಡಗೊಡಬಾರದು. ಇನ್ನುಳಿದಂತೆ, ಒಂದೇ ಆಕಾರವಾಗುವ ಪೆಟ್ಟಿಗೆಗಿಂತ ಹಲವು ಆಕಾರಗಳಾಗುವ ಪೆಟ್ಟಿಗೆಯೇ ಲೇಸು. ಚಿತ್ರಪುಸ್ತಕವನ್ನು ಮೊದಲ ದಿವಸವೇ ತೆಗೆದಿರಿಸಿದರೆ ಇನ್ನೂ ಲೇಸು.

ನಮ್ಮಿಂದ ಆಗತಕ್ಕ ಕಾರ್ಯ

ಹಣವಂತರ ಮಕ್ಕಳಿಗೆ ಪೆಟ್ಟಿಗೆಯು ಬಂದೀತು. ಉಳಿದವರ ಗತಿಯೇನು? 2023ರಲ್ಲಿ ಕೇಂದ್ರ ಸರಕಾರವು ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ‘ಜಾದುಯಿ ಪಿಟಾರಾ’ ಎಂಬ ಆಟಪಾಠದ ಪೆಟ್ಟಿಗೆಯನ್ನು ಹೊರಡಿಸಿತು. ಆಟದ ಮೂಲಕವೇ ಕಲಿಕೆಯೆಂಬುದು ಈಗ ಸರಕಾರದ ನೀತಿಯೂ ಆಗಿದೆ. ಆದರೆ ನಾವು ಕಂಡ ಒಂದು ಶಿಶುವಿಹಾರದಲ್ಲಿ ಮರದ ತುಂಡುಗಳ ಪೆಟ್ಟಿಗೆಯು ಬೀಗ ಹಾಕಿದ ಕಪಾಟಿನಲ್ಲಿತ್ತು. “ಒಂದು ತುಂಡು ಕಳೆದರೂ ಲೆಕ್ಕ ಕೊಡಬೇಕಾಗುತ್ತದೆ, ಸ್ವಾಮೀ” ಎಂದು ಅಲ್ಲಿಯ ಬಾಯಿಯವರು ಸಂಕೋಚದಿಂದ ನುಡಿದರು. ತಪ್ಪು ಅವರದಲ್ಲ. ಕಳೆದ ತುಂಡಿಗೆ ಲೆಕ್ಕ ಕೇಳುವ ಮೇಲಧಿಕಾರಿಯು, ಆಡದೆ ಕಳೆದ ದಿವಸಗಳಿಗೂ ಲೆಕ್ಕ ಕೇಳುವಂತಾಗಬೇಕು.

ಎರಡನೆಯದಾಗಿ, ನಮ್ಮ ಚೆನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಚರಕಿಗೆ ಹಿಡಿದು ಅರಗಿನ ಬಣ್ಣವೇರಿಸಿ ಆಟಿಗೆಗಳನ್ನು ಮಾಡುವುದು ಲೋಕಪ್ರಸಿದ್ಧವಾಗಿದೆ. ಚರಕಿಯಲ್ಲಿ ಗುಂಡನೆಯ ವಸ್ತುವು ಸುಲಭವಾಗಿ ಹುಟ್ಟುತ್ತದೆ. ನಮ್ಮ ಕೋಟೆಗಳ ಬುರುಜುಗಳಲ್ಲಿ ಬಹಳಷ್ಟು ಗುಂಡನೆಯವೇ. ಇಪ್ಪತ್ತು ಬುರುಜು, ನಾಲ್ಕು ಬಾಗಿಲು, ಒಂದಿಷ್ಟು ಗೋಡೆಯ ತುಂಡು, ಎರಡು ಹೊಂಡ, ಒಂದು ಒನಕೆ ಹಿಡಿದ ಬೊಂಬೆ ಇಷ್ಟರಿಂದ ಚಿತ್ರದುರ್ಗದ ಒಂದು ಪೆಟ್ಟಿಗೆಯನ್ನು ಸಿದ್ಧಪಡಿಸುವುದು ಅಸಾಧ್ಯವಾದ ಮಾತೇ? ಸರಕಾರದ ಕರಕುಶಲ ಇಲಾಖೆಯೂ ಉತ್ಸಾಹಿಗಳಾದ ವರ್ತಕರೂ ಇದನ್ನು ಮನಸ್ಸಿಗೆ ತಂದುಕೊಳ್ಳಲೆಂದು ಬಿನ್ನವಿಸುವೆವು. ಅಂಗನವಾಡಿಗಳಿಗೆ ಒಂದೊಂದು ಪೆಟ್ಟಿಗೆಯನ್ನು ಕೊಂಡರೂ ಎಷ್ಟೋ ಕುಟುಂಬಗಳ ಚರಕಿಗಳು ತಿರುಗಿಯಾವು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಮಣ್ಣು. ಬರುವ ದೀಪಾವಳಿಗೆ ಪ್ರತಿಯೊಂದು ಓಣಿಯ ಹಿರಿಯರೂ, ಪ್ರತಿಯೊಂದು ವಸತಿಸಮುಚ್ಚಯದ ಪಂಚರೂ ಒಂದು ಗಾಡಿ ಕೆಮ್ಮಣ್ಣನ್ನು ತರಿಸಿ, ವಾಹನಗಳನ್ನು ನಿಲ್ಲಿಸುವ ಜಾಗದಲ್ಲಿ ಒಂದು ಮೂಲೆಯನ್ನು ಎಂಟು ದಿವಸ ಮಕ್ಕಳಿಗೆ ಬಿಟ್ಟುಕೊಡಲಿ. ಗೋಡೆ ಸೊಟ್ಟಗಾದರೆ ತಿದ್ದಲು ಹೋಗದಿರಲಿ, ಬಿದ್ದರೆ ನಗದಿರಲಿ. ಕೇಳಿದರೆ ಮಾತ್ರ ಒಂದು ಕೊಡ ನೀರು ಹೊತ್ತು ಕೊಡಲಿ. ಹಬ್ಬ ಮುಗಿದು ಮಳೆಯೋ ಕಾಲ್ತುಳಿತವೋ ಆ ಕೋಟೆಯನ್ನು ನೆಲಸಮ ಮಾಡಿದಾಗ, ಮಕ್ಕಳು ಮುಂದಿನ ವರ್ಷದ ಕೋಟೆಯ ವಿಚಾರವನ್ನು ಆಗಲೇ ಆಡುತ್ತಿರುವುದನ್ನು ವಾಚಕರು ತಮ್ಮ ಕಿವಿಯಿಂದಲೇ ಕೇಳುವರು.